ಮೂಗು ಸೋರಿದರೆ ನರ್ಸರಿಗೆ, ವಾಂತಿಯಾದರೆ ಎರಡು ದಿನ ಮನೆಗೆ

ಇಂಗ್ಲೆಂಡಿನಲ್ಲಿರುವ ಮೊಮ್ಮಗು ಮೂಗು ಸೋರಿಸಿಕೊಂಡೇ ನರ್ಸರಿಗೆ ಹೋಗಿದೆ ಎಂದು ವಿಡಿಯೊ ಕಾಲ್‌ನಲ್ಲಿ ತಿಳಿದ ಕೂಡಲೇ ಬೆಂಗಳೂರಿನ ಅಜ್ಜಿ ಕೇಳುವುದು ಒಂದೇ: "ಅಯ್ಯೋ, ಹುಷಾರಿಲ್ಲದ ಮಗೂನ ಯಾಕಮ್ಮ ಕಳಿಸಿದೆ?"

ಇಂಗ್ಲೆಂಡಿನ ಲೆಕ್ಕ ಬೇರೆ. ಜ್ವರವಿಲ್ಲದೆ ಬರೀ ನೆಗಡಿ, ಸಣ್ಣ ಕೆಮ್ಮು ಇದ್ದು ಮಗು ಆಡಿಕೊಂಡಿದ್ದರೆ ಕಳಿಸಬಹುದು. ಜ್ವರ ಬಂದರೆ ಇಳಿಯುವವರೆಗೆ ಮನೆ. ವಾಂತಿ, ಭೇದಿಯಾದರೆ ಕೊನೆಯ ಸಲ ಆದ ಮೇಲೆ ಪೂರ್ತಿ 48 ಗಂಟೆ. ಸೀತಾಳೆ ಸಿಡುಬಾದರೆ ಬೊಕ್ಕೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಬೇಕು, ಸಾಮಾನ್ಯವಾಗಿ 5 ದಿನ. ದಡಾರವಾದರೆ ದದ್ದು ಕಾಣಿಸಿದ ಮೇಲೆ 4 ದಿನ.

ನೆಗಡಿಗೆ ಇಷ್ಟು ಸಡಿಲ ಏಕೆ? ಮೂಗು ಸೋರುವ ಮೊದಲೇ ವೈರಸ್ ಪಕ್ಕದ ಮಗುವಿಗೆ ದಾಟಿರಬಹುದು. ನರ್ಸರಿಯ ಮೊದಲ ವರ್ಷ 8–10 ನೆಗಡಿ ಬರುವುದು ಅಸಹಜವಲ್ಲ. ಕೆಮ್ಮು ಕೆಲವೊಮ್ಮೆ ಮೂರು ವಾರ ಎಳೆಯುತ್ತದೆ. ಅಷ್ಟಕ್ಕೂ ರಜೆ ಹಾಕಿಸಿದರೆ ಮಗು ಮನೆಯಲ್ಲೇ ವರ್ಷ ಕಳೆಯಬೇಕು. ಸಿಂಬಳ ಹಸಿರಾಯಿತು ಎಂದು ಆಂಟಿಬಯೋಟಿಕ್ ಕೊಡಿಸುವುದೂ ಬೇಡ. ವೈರಸ್ ಅದಕ್ಕೆ ಬಗ್ಗುವುದಿಲ್ಲ.

ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಕೈ-ಕಾಲು-ಬಾಯಿ ರೋಗದ ವಿಷಯದಲ್ಲಿ ಭಯ ಇನ್ನೂ ಹೆಚ್ಚು. 2022ರಲ್ಲಿ ಕೇರಳದಲ್ಲಿ 'ಟೊಮ್ಯಾಟೊ ಜ್ವರ' ಎಂದು ಸುದ್ದಿಯಾದಾಗ, ಅಲ್ಲಿಂದ ಬ್ರಿಟನ್ನಿಗೆ ಮರಳಿದ್ದ ಮಕ್ಕಳಲ್ಲಿ ಸಿಕ್ಕಿದ್ದು ಈ ರೋಗದ ಹಳೆಯ ಪರಿಚಿತ ವೈರಸ್ಸೇ, ಕಾಕ್ಸಾಕಿ ಎ16. ಮೊದಲ ವಾರ ಜೋರಾಗಿ ಅಂಟುತ್ತದೆ; ಮಲದಲ್ಲಿ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ಮಗು ಗೆಲುವಾಗಿದ್ದರೆ ದೂರವಿಡುವುದಿಲ್ಲ. ಬೆಂಗಳೂರಿನ ಪ್ಲೇಹೋಮ್‌ನವರು ಒಂದು ವಾರ ಬೇಡ ಎಂದರೆ ಅದೂ ಸರಿಯೇ. ಆದರೆ ಗುಳ್ಳೆ ಮಾಯವಾದ ಮೇಲೂ, ಡಯಾಪರ್ ಬದಲಿಸಿದ ಪ್ರತಿ ಸಲವೂ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಬೇಕು. ಕೆಲವು ವಾರಗಳ ನಂತರ ಉಗುರು ಕಳಚಿದರೆ ಗಾಬರಿ ಬೇಡ, ಹೊಸದು ಬರುತ್ತದೆ.

ನಾವು ನಿಜಕ್ಕೂ ಹೆದರಬೇಕಾದ್ದು ವಾಂತಿ, ಭೇದಿ ತರುವ ನೋರೋವೈರಸ್‌ಗೆ. ಬೆಳಿಗ್ಗೆ ಒಮ್ಮೆ ವಾಂತಿ ಮಾಡಿ ಮಧ್ಯಾಹ್ನಕ್ಕೆ ಕುಣಿದಾಡುವ ಮಗುವನ್ನು ಮರುದಿನ ಕಳಿಸುವುದರಿಂದಲೇ ಇಡೀ ತರಗತಿ ಮಲಗುತ್ತದೆ. ಕೆಲವೇ ಕಣ ಹೊಟ್ಟೆಗೆ ಹೋದರೂ ಸಾಕು, 12ರಿಂದ 48 ಗಂಟೆಯಲ್ಲಿ ಮುಂದಿನವರ ಸರದಿ. ಸ್ಯಾನಿಟೈಸರ್ ಇದಕ್ಕೆ ಸಾಲದು, ಸೋಪು ನೀರೇ ಬೇಕು. ಫಿನಾಯಿಲ್ ಹಾಕಿದರೆ ವಾಸನೆ ಹೋಗುತ್ತದೆ, ವೈರಸ್ ಹೋಯಿತೆಂದು ನಂಬುವಂತಿಲ್ಲ. ಗ್ಲೌಸ್ ಹಾಕಿ, ವಾಂತಿಯನ್ನು ಪೇಪರಿನಲ್ಲಿ ಬಳಿದು ಕವರಿನಲ್ಲಿ ಕಟ್ಟಿ, ನೆಲವನ್ನು ಸೋಪಿನಿಂದ ತೊಳೆಯಿರಿ. ಕೊಳೆ ಉಳಿದರೆ ಆಮೇಲೆ ಹಾಕುವ ಬ್ಲೀಚ್ ಅದರಲ್ಲೇ ಮುಗಿದುಹೋಗುತ್ತದೆ. ತೊಳೆದ ಮೇಲೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ (ದ್ರವರೂಪದ ಬ್ಲೀಚ್) 20 ಮಿ.ಲೀ.ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ, ಸುತ್ತಲಿನ ಎರಡು ಮೀಟರ್ ಜಾಗಕ್ಕೂ ಹಚ್ಚಿ 5 ನಿಮಿಷ ಬಿಡಿ. ಕಿಟಕಿ ತೆರೆದಿರಲಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬಟ್ಟೆಯನ್ನು ಕೊಡವದೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

ವಾಂತಿ ನಿಂತ 10 ನಿಮಿಷದ ಮೇಲೆ ಓಆರ್‌ಎಸ್ ಶುರು ಮಾಡಿ, ಎರಡು ಮೂರು ನಿಮಿಷಕ್ಕೆ ಒಂದು ಚಮಚ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿಯುವ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಮಗುವಿನ ಮೈಯಲ್ಲಿ ಉಪ್ಪು ಅಪಾಯದ ಮಟ್ಟಕ್ಕೆ ಏರಬಹುದು. ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಂಕಾಗಿ ಬಿದ್ದುಕೊಂಡರೆ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಕಾಯುವಂತಿಲ್ಲ.

ರಜೆಗೆ ಊರಿಗೆ ಬರುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಜ್ವರಕ್ಕೆ ಐಬುಪ್ರೊಫೇನ್ ಸಿರಪ್ ಮಾಮೂಲು, ಬ್ಯಾಗಿನಲ್ಲಿ ಬಂದೇ ಬರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ನೆಗಡಿಯಿಲ್ಲದೆ ಏರುವ ಜ್ವರ ಡೆಂಗಿ ಇರಬಹುದು. ರಕ್ತಸ್ರಾವದ ಅಪಾಯ ಹೆಚ್ಚಿಸುವ ಆ ಸಿರಪ್ ಆಗ ಬೇಡವೇ ಬೇಡ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಡೆಂಗಿ ಎಂದು ಗೊತ್ತಾದರೆ, ಜ್ವರ ಬಿಟ್ಟಿತೆಂದು ನಿಟ್ಟುಸಿರು ಬಿಡುವ ದಿನವೇ ಹೆಚ್ಚು ಎಚ್ಚರ ಬೇಕು: ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.