‘ಒರಿಜಿನಲ್ ಹಳದಿ ಯಾವುದು ಸರ್?’ ಎಂದು ಕೇಳುವವರಿಗೆ

ತಮಿಯಾ ಎಕ್ಸ್‌ಎಫ್-60, ಜರ್ಮನ್ ಟ್ಯಾಂಕ್ ಮಾಡೆಲ್‌ಗೆ ಹಚ್ಚುವ ಹಳದಿ. ಬಾಟಲಿಯ ಹೆಸರಷ್ಟೇ ಬೇಕಿದ್ದವರು ಇಲ್ಲಿಂದಲೇ ಹೊರಡಬಹುದು, ಬೇಜಾರಿಲ್ಲ.

ಉಳಿದವರ ಹತ್ತಿರ ಸ್ವಲ್ಪ ಮಾತಾಡುವುದಿದೆ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಿನ 1:35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್ ಕೈಗೆ ಬಂದ ಕೂಡಲೇ ಜನ ನನಗೆ ಡಬ್ಬಿಯ ಮುಚ್ಚಳದ ಫೋಟೋ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: “ಸರ್, ಇದಕ್ಕೆ ಒರಿಜಿನಲ್ ಹಳದಿ ಯಾವುದು? ಎಕ್ಸಾಕ್ಟ್ ಬೇಕು.” ಯಾವ ವರ್ಷದ ಟ್ಯಾಂಕು, ಎಲ್ಲಿ ಕಾದಾಡಿದ್ದು, ಒಂದೂ ಇಲ್ಲ. ಮುಚ್ಚಳದ ಚಿತ್ರ ಬರೆದವರಿಗೆ ಕಿಟ್ ಮಾರಾಟವಾಗಬೇಕಿತ್ತು, ಅದಕ್ಕೇ ಸಂಜೆಯ ಕೆಂಪು, ಹಿಂದೆ ಬೆಂಕಿ, ಪಕ್ಕದಲ್ಲಿ ಹೊಗೆ. ಆ ಚಿತ್ರದ ಹಳದಿಯನ್ನು ಬಾಟಲಿಯಲ್ಲಿ ಹುಡುಕಿದರೆ ಸಿಗುವುದು ಸೂರ್ಯಾಸ್ತ, ಟ್ಯಾಂಕಲ್ಲ.

ಈ ‘ಎಕ್ಸಾಕ್ಟ್’ ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಜರ್ಮನ್ನರು ಡುಂಕೆಲ್‌ಗೆಲ್ಬ್ (ಕಡುಹಳದಿ) ಎಂದು ಕರೆದ ಬಣ್ಣಕ್ಕೆ ಅವರ ಬಣ್ಣಗಳ ಪಟ್ಟಿಯಾದ ರಾಲ್‌ನಲ್ಲಿ ಸಂಖ್ಯೆ 7028. ಇವತ್ತಿನ ರಾಲ್ ಪಟ್ಟಿಯಲ್ಲಿ ಆ ಸಂಖ್ಯೆಯೇ ಇಲ್ಲ, ಪೇಂಟ್ ಅಂಗಡಿಯವನ ಮಿಕ್ಸಿಂಗ್ ಮಷಿನ್‌ಗೆ ಹೇಳಿ ಪ್ರಯೋಜನವಿಲ್ಲ. ಯುದ್ಧಕಾಲದಲ್ಲೇ ಒಂದು ತಯಾರಿಯ ಛಾಯೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಈಗಲೂ ಅದೇ ಸಂಖ್ಯೆ ಅಚ್ಚಾದ ಬಾಟಲಿಗಳನ್ನು ಮೂರು ಕಂಪನಿಗಳಿಂದ ತಂದು ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಹೊಡೆದು ನೋಡಿ. ಒಂದು ಹಸಿರಿಗೆ ವಾಲುತ್ತದೆ, ಒಂದು ಮರಳಿಗೆ, ಇನ್ನೊಂದು ಸಾಸಿವೆಗೆ. ಅವನ್ನು ಹಾಲ್‌ನ ವಾರ್ಮ್ ವೈಟ್ ಬಲ್ಬಿನ ಕೆಳಗೆ ಹೋಲಿಸಬೇಡಿ, ಅಲ್ಲಿ ಎಲ್ಲವೂ ಹಳದಿಯೇ. 5000ರಿಂದ 6500 ಕೆಲ್ವಿನ್ ಬೆಳಕು ಬೇಕು, ಇಲ್ಲವೇ ಕಿಟಕಿ ಹತ್ತಿರ ಹೋಗಿ.

“ಹಳೇ ಫೋಟೋ ನೋಡಿದ್ದೀನಿ ಸರ್” ಅನ್ನುವವರಿಗೆ ಒಂದು ಉದಾಹರಣೆ. 1939ರಲ್ಲಿ ಪೋಲೆಂಡಿಗೆ ನುಗ್ಗಿದ ಜರ್ಮನ್ ಟ್ಯಾಂಕುಗಳು ಪೂರ್ತಿ ಬೂದು ಎಂದೇ ದಶಕಗಳ ಕಾಲ ಎಲ್ಲರೂ ಮಾಡೆಲ್ ಕಟ್ಟಿದರು. ಆಗಿನ ಆದೇಶ ಬೇರೆಯೇ ಇತ್ತು: ಮೂರರಲ್ಲಿ ಎರಡು ಪಾಲು ಕಡುಬೂದು (ರಾಲ್ 7021), ಒಂದು ಪಾಲು ಕಡುಕಂದು (ರಾಲ್ 7017). ಎರಡೂ ಒಂದೇ ಗಾಢತೆಯ ಬಣ್ಣಗಳಾದ್ದರಿಂದ ಕಪ್ಪುಬಿಳುಪು ಫಿಲ್ಮಿನಲ್ಲಿ ಕಂದು ಬೂದಿನೊಳಗೆ ಕರಗಿಹೋಗುತ್ತದೆ. ಧೂಳು ಕೂತ ಮೇಲಂತೂ ಕೇಳಲೇಬೇಡಿ. ಬಣ್ಣ ಉಳಿಸಲೆಂದು ಕಂದನ್ನು ಬಿಟ್ಟದ್ದು 1940ರ ಜುಲೈ ಕೊನೆಯ ಆದೇಶದಲ್ಲಿ. ಅಂದರೆ 1940ರ ಮೇ ತಿಂಗಳ ಫ್ರಾನ್ಸಿನ ಪಾಂಜರ್ 3ಕ್ಕೂ ಕಂದು ಪಟ್ಟೆಗಳು ಬೇಕು, ಫೋಟೋದಲ್ಲಿ ಕಾಣದಿದ್ದರೂ.

“ಮ್ಯೂಸಿಯಂನಲ್ಲಿ ನಿಜವಾದ ಟ್ಯಾಂಕೇ ನೋಡಿದೆ” ಅನ್ನುವವರೂ ಇದ್ದಾರೆ. ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರು 1940-41ರಲ್ಲಿ ಬಳಸಿದ ಕಾಂಟರ್ ಮಾದರಿಯನ್ನೇ ತೆಗೆದುಕೊಳ್ಳಿ: ತಿಳಿಮರಳು ಬಣ್ಣದ ಮೇಲೆ ನೇರ ಅಂಚಿನ ಓರೆ ಪಟ್ಟೆಗಳು, ಒಂದು ಸಿಲ್ವರ್ ಗ್ರೇ, ಒಂದು ಸ್ಲೇಟ್. ಈ ಸಿಲ್ವರ್ ಗ್ರೇ ಹಸಿರು ಮಿಶ್ರಿತ ಬೂದು. ಇಂಗ್ಲೆಂಡಿನ ಬೊವಿಂಗ್ಟನ್ ಮ್ಯೂಸಿಯಂನಲ್ಲಿರುವ ಮಟಿಲ್ಡಾ ಎಂಬ ಬ್ರಿಟಿಷ್ ಟ್ಯಾಂಕಿಗೆ ಅದರ ಜಾಗದಲ್ಲಿ ತಿಳಿನೀಲಿ ಹಚ್ಚಿದ್ದರು, ಜಗತ್ತಿನ ಮಾಡೆಲ್‌ಗಳೆಲ್ಲ ನೀಲಿಯಾದವು. ಕಿಟ್‌ಗಳ ಸೂಚನಾ ಹಾಳೆಗಳೂ ನೀಲಿ. ನಮ್ಮಲ್ಲೂ 1965ರ ಯುದ್ಧದಲ್ಲಿ ವಶಕ್ಕೆ ಬಂದ ಪ್ಯಾಟನ್‌ಗಳು ಸ್ಮಾರಕಗಳಾಗಿ ನಿಂತಿವೆ. ಅವುಗಳ ಮೇಲೆ ಈಗ ಹೊಳೆಯುವುದು ಹಾರ್ಡ್‌ವೇರ್ ಅಂಗಡಿಯ ಎನಾಮಲ್. ಟ್ಯಾಂಕ್ ನಿಜ, ಬಣ್ಣ ಹೋದ ವರ್ಷದ್ದು.

ಬಾಟಲಿ ಬಿಡಿ. ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆ ಬೇರೆ ಇದೆ: ಈ ಬಣ್ಣ ಹಚ್ಚಿದ್ದು ಯಾರು, ಯಾವ ತಿಂಗಳಲ್ಲಿ?

1943ರ ಫೆಬ್ರವರಿ 18ರ ಆದೇಶದ ನಂತರ ಜರ್ಮನ್ ಟ್ಯಾಂಕು ಕಾರ್ಖಾನೆಯಿಂದ ಬರಿ ಹಳದಿಯಾಗಿ ಹೊರಬರುತ್ತಿತ್ತು. ಆಲಿವ್ ಹಸಿರು (ರಾಲ್ 6003), ಕೆಂಗಂದು (ರಾಲ್ 8017) ಪೇಸ್ಟ್ ರೂಪದಲ್ಲಿ ಡಬ್ಬಿಗಳಲ್ಲಿ ತುಕಡಿಗೆ ಹೋಗುತ್ತಿದ್ದವು. ಪೆಟ್ರೋಲಿನಲ್ಲಿ, ಅದಿಲ್ಲದಿದ್ದರೆ ನೀರಿನಲ್ಲಿ ಕದಡಿ ಹೊಡೆಯುವುದು ಸಿಬ್ಬಂದಿಯ ಕೆಲಸ. ಸ್ಪ್ರೇ ಗನ್ ಇದ್ದರೆ ಅಂಚು ಮೆತ್ತಗೆ, ಬ್ರಷ್ ಇದ್ದರೆ ಗಡಸು. ಪೆಟ್ರೋಲ್ ಹೆಚ್ಚಾದ ಕಡೆ ಹಳದಿ ಒಳಗಿಂದ ಇಣುಕುತ್ತದೆ. ಹಾಗಾಗಿ 1943ರ ಟ್ಯಾಂಕಿನ ಮೇಲೆ ಎರಡೂ ಬದಿ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಅನುಮಾನಪಡಿ. 1944ರ ಆಗಸ್ಟ್ 19ರ ಆದೇಶದಿಂದ ಕೆಲಸ ಕಾರ್ಖಾನೆಗೆ ಬಂತು, ಆಗ ಮಾದರಿ ಪುನರಾವರ್ತನೆಯಾಗುತ್ತದೆ. ಹೆಟ್ಜರ್ ಎಂಬ ಪುಟ್ಟ ಟ್ಯಾಂಕ್-ವಿಧ್ವಂಸಕವನ್ನು ತಯಾರಿಸಿದ್ದು ಬಿಎಂಎಂ ಮತ್ತು ಸ್ಕೋಡಾ, ಎರಡೂ ಕಾರ್ಖಾನೆಗಳ ಬಣ್ಣದ ಮಾದರಿಗಳು ಬೇರೆಬೇರೆ. ವರ್ಷದ ಕೊನೆಗೆ ಪ್ರೈಮರಿನ ಕೆಂಪೇ ಒಂದು ಬಣ್ಣವಾಗಿ ಹೊರಗೆ ಉಳಿಯತೊಡಗಿತು.

ತಿಂಗಳು ಗೊತ್ತಾದರೆ ಇನ್ನೊಂದು ಲಾಭವೂ ಇದೆ. ಟ್ಯಾಂಕಿನ ಮೈಗೆ ಮೆತ್ತುತ್ತಿದ್ದ ಜಿಮ್ಮೆರಿಟ್ ಎಂಬ ಗೀರುಗೀರಾದ ಲೇಪ ಕಾರ್ಖಾನೆಗಳಲ್ಲಿ ನಡೆದದ್ದು ಹೆಚ್ಚುಕಮ್ಮಿ 1943ರ ಸೆಪ್ಟೆಂಬರಿನಿಂದ 1944ರ ಸೆಪ್ಟೆಂಬರ್‌ವರೆಗೆ. 1943ರ ಜುಲೈನ ಕುರ್ಸ್ಕ್ ಕದನದ ಪ್ಯಾಂಥರ್ ಟ್ಯಾಂಕಿಗೆ ಅದನ್ನು ಮೆತ್ತಿ, “ಹಳದಿ ಸರಿಯಿದೆಯಾ?” ಎಂದು ಕೇಳಿದರೆ ಏನು ಹೇಳಲಿ?

ಈಗ ಕೈಕೆಲಸ. ಮೊದಲ ಹಳದಿಗೆ ಒಂದು ಪಾಲು ಬಣ್ಣ, ಒಂದೂವರೆ ಪಾಲು ತಿನ್ನರ್, ಏರ್‌ಬ್ರಷ್‌ಗೆ 0.3 ಮಿ.ಮೀ. ನಾಜಲ್, ಗಾಳಿಯ ಒತ್ತಡ 15ರಿಂದ 18 ಪಿಎಸ್‌ಐ. ಪುಟ್ಟ ಮಾಡೆಲ್ ಮೇಲೆ ಬಣ್ಣ ಗಾಢವಾಗಿ ಕಾಣುವುದರಿಂದ ಹತ್ತನೇ ಒಂದು ಪಾಲು ಬಫ್ (ಎಕ್ಸ್‌ಎಫ್-57) ಸೇರಿಸಿ. ಬಿಳಿ ಬೇಡ. ಅದರಲ್ಲೂ ಕೆಂಗಂದಿಗೆ ಬಿಳಿ ಬಿದ್ದರೆ ಗುಲಾಬಿ ಟ್ಯಾಂಕು ಗ್ಯಾರಂಟಿ. ಅದನ್ನು ತಿಳಿಯಾಗಿಸಲು ಮೊದಲು ಹೊಡೆದ ಹಳದಿಯನ್ನೇ ಬೆರೆಸಿ, ಮೂರೂ ಬಣ್ಣಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಪಟ್ಟೆಗಳಿಗೆ ತಿನ್ನರ್ ಎರಡರಿಂದ ಎರಡೂವರೆ ಪಾಲಿಗೆ ಏರಿಸಿ, ಒತ್ತಡ 10-12ಕ್ಕೆ ಇಳಿಸಿ, ಸೂಜಿ ಮೇಲ್ಮೈಯಿಂದ ಎರಡು ಸೆಂ.ಮೀ. ಒಳಗೆ ಇರಲಿ. ಬಣ್ಣ ಜೇಡರ ಕಾಲಿನಂತೆ ಸುತ್ತ ಚಿಮ್ಮಿದರೆ ಗಾಳಿ ಅಥವಾ ತಿನ್ನರ್ ಜಾಸ್ತಿಯಾಗಿದೆ. ಅಂಚಿನಲ್ಲಿ ಪುಡಿಪುಡಿ ಕೂತರೆ ಬಣ್ಣ ಹಾರುತ್ತಲೇ ಒಣಗಿದೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಎರಡು ಹನಿ ಹಾಕಿ, ಸೂಜಿಯ ತುದಿ ಒರೆಸಿ. ಅಂಚಿನ ಲೆಕ್ಕವನ್ನೂ ಮಾಡಿ: ಮಾಡೆಲ್ ಮೇಲೆ 1 ಸೆಂ.ಮೀ. ಮಸುಕು ಅಂಚು ಎಂದರೆ ನಿಜ ಟ್ಯಾಂಕಿನಲ್ಲಿ 35 ಸೆಂ.ಮೀ. ಅಷ್ಟು ಮಂಜು ಯಾವ ಸ್ಪ್ರೇ ಗನ್ನೂ ಬಿಡುವುದಿಲ್ಲ. 2 ಮಿ.ಮೀ. ಇದ್ದರೆ 7 ಸೆಂ.ಮೀ., ನಂಬಬಹುದು. ಬಣ್ಣದ ಛಾಯೆಗೆ ಜಗಳ ಕಾಯುವವರು ಈ ಅಂಚನ್ನು ಮಾತ್ರ ಯಾವತ್ತೂ ಅಳೆಯುವುದಿಲ್ಲ.

ರಷ್ಯಾದ ಚಳಿಗಾಲದ ಸುಣ್ಣಬಿಳುಪಿಗೂ ಅದೇ ಪ್ರಶ್ನೆ: ಹಚ್ಚಿದ್ದು ಯಾರು? ಕೈಗೆ ಸಿಕ್ಕ ಬ್ರಷ್ ಹಿಡಿದ ಸಿಬ್ಬಂದಿ. ಶಿಲುಬೆ ಗುರುತು, ನಂಬರುಗಳ ಮೇಲೆ ಬಳಿಯದೆ ಸುತ್ತ ಬಿಟ್ಟಿರುತ್ತಾರೆ, ಅಲ್ಲಿ ಹಳೇ ಬಣ್ಣದ ಒರಟು ಚೌಕ ಉಳಿದಿರುತ್ತದೆ. ಗುರುತುಗಳ ಡಿಕಾಲ್ (ಅಂಟಿಸುವ ಚಿತ್ರ) ಮೊದಲು ಅಂಟಿಸಿ, ವಾರ್ನಿಷ್ ಹೊಡೆದು, ಆಮೇಲೆ ಬಿಳಿ ಸುಲಭವಾಗಿ ಏಳಲೆಂದು ಹೇರ್‌ಸ್ಪ್ರೇ ಎರಡು ತೆಳು ಕೋಟ್ ಕೊಡಿ. ಮೇಲಿನ ಬಿಳಿ ಅಕ್ರಿಲಿಕ್ಕಿಗೆ ನೀರು ಅಥವಾ ತಮಿಯಾದ ಅಕ್ರಿಲಿಕ್ ತಿನ್ನರ್ ಎಕ್ಸ್-20ಎ ಮಾತ್ರ. ಲ್ಯಾಕರ್ ತಿನ್ನರ್ ಹಾಕಿದರೆ ಬಿಳಿ ಗಟ್ಟಿಯಾಗಿ ಕಚ್ಚಿಕೊಂಡು ಎಷ್ಟು ಉಜ್ಜಿದರೂ ಏಳುವುದಿಲ್ಲ. ಒಣಗಿದ ಮೇಲೆ ಅದೇ ದಿನ ಒದ್ದೆ ಬ್ರಷ್‌ನಿಂದ ಉಜ್ಜಿ, ಸಿಬ್ಬಂದಿ ಹತ್ತಿ ಇಳಿಯುವ ಕಡೆ ಜಾಸ್ತಿ, ಮೂಲೆಗಳಲ್ಲಿ ಕಮ್ಮಿ.

ಕೊನೆಗೆ ಹೊಡೆಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್‌ನ ಸ್ಪ್ರೇ ಕ್ಯಾನನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ಮಂಗಳೂರು, ಉಡುಪಿ ಕಡೆಯವರು ಜೂನ್, ಜುಲೈಯಲ್ಲಿ ಬಣ್ಣದ ಮೇಲೆ ಬಿಳಿ ಪೊರೆ ಕೂತಿತೆಂದು ಬರೆಯುತ್ತಾರೆ. ಗಾಳಿಯ ತೇವ ವಾರ್ನಿಷ್‌ನಲ್ಲಿ ಸಿಕ್ಕಿಕೊಂಡದ್ದು ಅದು. ಒಣಹವೆಯ ದಿನ ತೆಳುವಾಗಿ ಹೊಳಪಿನ ವಾರ್ನಿಷ್ ಹೊಡೆದರೆ ಬಹುಪಾಲು ಹೋಗುತ್ತದೆ, ಅದರ ಮೇಲೆ ಮತ್ತೆ ಮ್ಯಾಟ್ ಕೊಡಿ. ಏರ್‌ಬ್ರಷ್ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲದಿದ್ದರೆ ಮೊದಲು ಅದನ್ನು ತನ್ನಿ, ನಾಲ್ಕನೇ ಹಳದಿ ಬಾಟಲಿ ಆಮೇಲೆ ತಂದರಾಯಿತು.