ಸ್ಪೆಲ್ಲಿಂಗ್ ತಿದ್ದೋದಕ್ಕೂ ಒಬ್ಬರು ಬೇಕಾ?

ನಾನು ಮಾಡೋದು ನೆಟ್‌ವರ್ಕ್ ಸಾಫ್ಟ್‌ವೇರ್‌ಗಳ ಮ್ಯಾನ್ಯುಯಲ್‌ಗಳ ಪ್ರೂಫ್ ನೋಡುವ ಕೆಲಸ. ಸರ್ವರ್‌ಗೆ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸದ ಸಂಖ್ಯೆ) ಕೊಡೋದು ಹೇಗೆ, ಮಷೀನ್‌ಗಳನ್ನು ಜೋಡಿಸುವ ಸ್ವಿಚ್‌ನಲ್ಲಿ ವಿ-ಲ್ಯಾನ್ (ಒಂದೇ ನೆಟ್‌ವರ್ಕ್‌ನೊಳಗಿನ ಬೇರೆ ಬೇರೆ ಗುಂಪು) ಸೇರಿಸೋದು ಹೇಗೆ, ರೂಟ್ (ಡೇಟಾ ಹೋಗುವ ದಾರಿ) ಹಾಕೋದು ಹೇಗೆ ಅಂತ ಎಂಜಿನಿಯರುಗಳು ಬರೆದ ಪುಟಗಳು ಹೊರಗೆ ಹೋಗುವ ಮೊದಲು ನನ್ನ ಕೈಗೆ ಬರುತ್ತವೆ. ಇದನ್ನು ಹೇಳಿದರೆ ಬೆಳಗಾವಿಯ ಟಿಳಕವಾಡಿಯ ನೆರೆಮನೆಯವರಿಂದ ಹಿಡಿದು ವಿಟಿಯು ಹುಡುಗರ ತನಕ ಎಲ್ಲರೂ ಕೇಳುವುದು ಒಂದೇ: “ಸ್ಪೆಲ್ಲಿಂಗ್ ತಿದ್ದೂದಕ್ಕ ರೊಕ್ಕ ಕೊಡ್ತಾರೇನ್ರೀ ಅಕ್ಕಾರ? ಅದನ್ನ ಕಂಪ್ಯೂಟರೇ ಮಾಡ್ತದಲ್ಲ?”

ಸ್ಪೆಲ್ಲಿಂಗ್ ಅನ್ನು ಕಂಪ್ಯೂಟರೇ ನೋಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ನನ್ನ ಸಮಯವೆಲ್ಲ ಹೋಗುವುದು ಸ್ಪೆಲ್ಲಿಂಗ್ ಸರಿಯಿದ್ದೂ ತಪ್ಪಾಗಿರುವ ಸಾಲುಗಳಲ್ಲಿ.

ಒಂದು ಉದಾಹರಣೆ ಕೊಡ್ತೀನಿ. ಪುಟದಲ್ಲಿ ಹೀಗಿದೆ ಅಂದುಕೊಳ್ಳಿ: ಮಷೀನಿನ ಅಡ್ರೆಸ್ 192.168.10.140/25, ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) 192.168.10.1. ಓದಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಆದರೆ ಕೊನೆಯಲ್ಲಿರುವ 25 ಏನು ಹೇಳುತ್ತದೆ? 192.168.10ರಿಂದ ಶುರುವಾಗುವ 256 ಅಡ್ರೆಸ್‌ಗಳನ್ನು ಎರಡು ಪಾಲು ಮಾಡು ಅಂತ. 0ರಿಂದ 127 ಒಂದು ಪಾಲು, 128ರಿಂದ 255 ಇನ್ನೊಂದು. 140 ಇರುವುದು ಎರಡನೇ ಪಾಲಿನಲ್ಲಿ, ಗೇಟ್‌ವೇ ಇರುವುದು ಮೊದಲನೇ ಪಾಲಿನಲ್ಲಿ. ಗೇಟ್‌ವೇ ತನ್ನ ಪಾಲಿನಲ್ಲೇ ಇರದಿದ್ದರೆ ಮಷೀನ್ ಹೊರಗೆ ಹೋಗಲಾರದು. ಒಂದೋ 25 ಹೋಗಿ 24 (ಅಂದರೆ ಪಾಲು ಮಾಡದ ಇಡೀ 256) ಆಗಬೇಕು, ಇಲ್ಲವೇ ಗೇಟ್‌ವೇ 129ರಂಥ ಅಡ್ರೆಸ್ ಆಗಬೇಕು. ಯಾವುದು ಸರಿ ಅಂತ ನಾನೇ ಊಹಿಸಿ ಬರೆಯುವ ಹಾಗಿಲ್ಲ, ಬರೆದವರನ್ನೇ ಕೇಳಬೇಕು. ಯಾವ ಸ್ಪೆಲ್‌ಚೆಕರ್ ಇದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ ಹೇಳಿ?

ಇನ್ನೊಂದು. ಯಾರೋ ಪಟ್ಟಿ ಚೆಂದ ಕಾಣಲಿ ಅಂತ ಎಲ್ಲ ಅಂಕಿಗಳನ್ನೂ ಮೂರು ಮೂರು ಮಾಡಿರುತ್ತಾರೆ. 10 ಇದ್ದದ್ದು 010 ಆಗಿರುತ್ತದೆ. ಲಿನಕ್ಸ್‌ನಲ್ಲಿ 192.168.010.1 ಅಂತ ಹೊಡೆದು ಪಿಂಗ್ ಮಾಡಿ (ಆ ಅಡ್ರೆಸ್ ಉತ್ತರ ಕೊಡುತ್ತಾ ಅಂತ ಕೇಳುವ ಕಮಾಂಡ್) ನೋಡಿ, ಅದು 192.168.8.1ಕ್ಕೆ ಹೋಗುತ್ತದೆ. ಮುಂದೆ ಸೊನ್ನೆ ಬಂದರೆ ಅದು ಎಂಟರ ಲೆಕ್ಕದ ಸಂಖ್ಯೆ (ಆ ಲೆಕ್ಕದಲ್ಲಿ 10 ಅಂದರೆ ನಮ್ಮ 8) ಅನ್ನುವುದು ಹಳೆಯ ಪದ್ಧತಿ, ಇವತ್ತಿಗೂ ಉಳಿದುಕೊಂಡಿದೆ. ಚೆಂದಕ್ಕೆ ಹಾಕಿದ ಸೊನ್ನೆ ಅಡ್ರೆಸ್ಸನ್ನೇ ಬದಲಿಸಿಬಿಡುತ್ತದೆ.

ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ವರ್ಡ್‌ನಲ್ಲಿ ಬರೆದರೆ ಎರಡು ಚಿಕ್ಕ ಗೆರೆಗಳು ಸೇರಿ ಒಂದು ಉದ್ದ ಗೆರೆ ಆಗುತ್ತವೆ, ನೇರ ಕೋಟ್ ಬಾಗಿದ ಕೋಟ್ ಆಗುತ್ತದೆ. ಅದನ್ನು ಹಾಗೇ ಕಾಪಿ ಮಾಡಿದರೆ ಕಮಾಂಡ್ ಓಡಲ್ಲ. ಕಿರಿಕಿರಿ ನಿಜ, ಆದರೆ ಎರರ್ ಆಗಲೇ ಕಣ್ಣಿಗೆ ಬೀಳುತ್ತದೆ. ನನಗೆ ಹೆದರಿಕೆ ಇರುವುದು ಸುಮ್ಮನಿರುವ ತಪ್ಪುಗಳದ್ದು. ಲಿನಕ್ಸ್‌ನಲ್ಲಿ ‘ಐಪಿ ಅಡ್ರ್ ಆಡ್’ ಅನ್ನುವ ಕಮಾಂಡಿನಿಂದ ಕೊಟ್ಟ ಅಡ್ರೆಸ್ ಮಷೀನ್ ರೀಸ್ಟಾರ್ಟ್ ಆದರೆ ಇರಲ್ಲ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಇದು ತಿರುಗುಮುರುಗು: ‘ಮಾಡಿಫೈ’ ಕೊಟ್ಟರೆ ಬದಲಾವಣೆ ಪ್ರೊಫೈಲ್‌ನಲ್ಲಿ ಸೇವ್ ಆಗುತ್ತದೆ, ಆದರೆ ಆ ಕನೆಕ್ಷನ್ನನ್ನು ಮತ್ತೆ ‘ಅಪ್’ ಮಾಡುವ ತನಕ ಜಾರಿಗೆ ಬರಲ್ಲ. ಪುಟದಲ್ಲಿ ಆ ‘ಅಪ್’ ಸಾಲು ಬಿಟ್ಟುಹೋದರೆ ಓದಿದವನು ಕೆಲಸ ಮುಗೀತು ಅಂತ ಎದ್ದು ಹೋಗುತ್ತಾನೆ. ತಿಂಗಳಾದ ಮೇಲೆ ಕರೆಂಟ್ ಹೋಗಿ ಬಂದಾಗ ಸರ್ವರ್ ಬೇರೆ ಅಡ್ರೆಸ್ ಹಿಡಿದು ಕೂತಿರುತ್ತದೆ. ಆಗ ಆ ಮ್ಯಾನ್ಯುಯಲ್ ಪುಟದ ಮೇಲೆ ಯಾರಿಗೆ ಅನುಮಾನ ಬರುತ್ತೆ?

ಈಗ ನನ್ನ ಉತ್ತರದ ಮುಖ್ಯ ಭಾಗಕ್ಕೆ ಬರ್ತೀನಿ. ಬೇರೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಕಮಾಂಡ್ ಕೊಟ್ಟರೆ ವಾಪಸ್ ಬಂದು ಸರಿ ಮಾಡಬಹುದು. ನೆಟ್‌ವರ್ಕ್‌ನಲ್ಲಿ ಎಷ್ಟೋ ಸಲ ವಾಪಸ್ ಬರುವ ದಾರಿಯೇ ಕಟ್ ಆಗಿರುತ್ತದೆ. ಕೂತ ಕೊಂಬೆಯನ್ನೇ ಕಡಿದ ಹಾಗೆ.

ಸಿಸ್ಕೋ ಸ್ವಿಚ್‌ಗಳಲ್ಲಿ ಒಂದು ಕಮಾಂಡ್ ಇದೆ, ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಎರಡು ಸ್ವಿಚ್‌ಗಳ ನಡುವೆ ಹಲವು ವಿ-ಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಟ್ರಂಕ್ ಲೈನಿನಲ್ಲಿ ಈಗಾಗಲೇ 10, 20 ನಂಬರಿನ ವಿ-ಲ್ಯಾನ್‌ಗಳು ಓಡಾಡುತ್ತಿವೆ. 30 ಅನ್ನೂ ಬಿಡಬೇಕು. ಬರೆಯಬೇಕಾದದ್ದು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ ಆಡ್ 30’. ಆ ‘ಆಡ್’ ಬಿಟ್ಟು ಹೊಡೆದರೂ ಸ್ವಿಚ್ ಒಪ್ಪಿಕೊಳ್ಳುತ್ತದೆ, ಎರರ್ ಬರಲ್ಲ. ಆದರೆ ಅರ್ಥ ಬೇರೆ: 30 ಮಾತ್ರ ಬಿಡು, ಉಳಿದದ್ದೆಲ್ಲ ತೆಗೆ. 10 ಮತ್ತು 20 ಅಲ್ಲೇ ನಿಂತವು. ನೀವು ಆ ಸ್ವಿಚ್‌ಗೆ ಲಾಗಿನ್ ಆಗಿದ್ದು 10ರ ಮೂಲಕವೇ ಆಗಿದ್ದರೆ ನಿಮ್ಮ ಸ್ಕ್ರೀನೂ ನಿಂತಿತು.

ಇದನ್ನು ಓದುವವನು ಯಾರು ಅಂತ ನಾನು ಯಾವಾಗಲೂ ಯೋಚನೆ ಮಾಡ್ತೀನಿ. ನಮ್ಮ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ರಾತ್ರಿ ಪಾಳಿಯ ಹುಡುಗನೂ ಆಗಿರಬಹುದು. ಐಟಿ ಅಂತ ಅಲ್ಲಿ ಅವನೊಬ್ಬನೇ. ಹೊಸ ಸಿಎನ್‌ಸಿ ಮಷೀನ್ ಬಂದಿದೆ, ಬೆಳಗ್ಗೆ ಶಿಫ್ಟ್ ಶುರುವಾಗುವಷ್ಟರಲ್ಲಿ ನೆಟ್‌ವರ್ಕ್‌ಗೆ ಸೇರಿಸಬೇಕು. ಅವನು ಪುಟವನ್ನು ಮೊದಲಿಂದ ಕೊನೆತನಕ ಓದಿ ಆಮೇಲೆ ಶುರು ಮಾಡಲ್ಲ. ಒಂದು ಸಾಲು ಓದುತ್ತಾನೆ, ಹೊಡೆಯುತ್ತಾನೆ, ಎಂಟರ್ ಒತ್ತುತ್ತಾನೆ. ‘ಗಮನಿಸಿ: ಈ ಕಮಾಂಡ್ ಕೊಟ್ಟರೆ ನಿಮ್ಮ ರಿಮೋಟ್ ಸೆಷನ್ ಹೋಗಬಹುದು’ ಅನ್ನುವ ಮಾತು ಕಮಾಂಡಿನ ಕೆಳಗೆ ಇದ್ದರೆ ಅವನಿಗೆ ಏನು ಪ್ರಯೋಜನ? ಅದನ್ನು ಓದುವ ಹೊತ್ತಿಗೆ ಸೆಷನ್ ಹೋಗಿರುತ್ತದೆ. ಎಚ್ಚರಿಕೆ ಕಮಾಂಡಿನ ಮೇಲೆ ಬರಬೇಕು. ಒಂದು ಪ್ಯಾರಾವನ್ನು ಮೇಲಕ್ಕೆ ಎತ್ತಿಡುವುದು ಅಷ್ಟೇ, ಆದರೆ ನನ್ನ ಕೆಲಸದಲ್ಲಿ ಇದಕ್ಕಿಂತ ಬೆಲೆಯ ತಿದ್ದುಪಡಿ ಇನ್ನೊಂದಿಲ್ಲ.

ಇದಕ್ಕಾಗಿಯೇ ಸಾಫ್ಟ್‌ವೇರ್ ಮಾಡುವವರು ಒಳ್ಳೆಯ ವ್ಯವಸ್ಥೆಗಳನ್ನೂ ಇಟ್ಟಿದ್ದಾರೆ. ಉಬುಂಟು ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಹಾಕುವ ನೆಟ್‌ಪ್ಲಾನ್‌ನಲ್ಲಿ ‘ನೆಟ್‌ಪ್ಲಾನ್ ಟ್ರೈ’ ಅಂತ ಇದೆ. ಹೊಸ ಸೆಟ್ಟಿಂಗ್ ಹಾಕಿ 120 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ನೀವು ಎಂಟರ್ ಒತ್ತಲಿಲ್ಲ ಅಂದರೆ ಹಳೆಯದಕ್ಕೆ ತಾನೇ ವಾಪಸ್ ಹೋಗುತ್ತದೆ. ಜೂನಿಪರ್ ರೂಟರ್‌ಗಳ ‘ಕಮಿಟ್ ಕನ್ಫರ್ಮ್ಡ್’ ಕೂಡ ಹೀಗೇ, ಬೇರೆ ಹೇಳದಿದ್ದರೆ ಅಲ್ಲಿ 10 ನಿಮಿಷ. ಪುಟದಲ್ಲಿ ನೇರವಾಗಿ ‘ನೆಟ್‌ಪ್ಲಾನ್ ಅಪ್ಲೈ’ (ಕಾಯದೆ ಆಗಲೇ ಜಾರಿ ಮಾಡುವ ಕಮಾಂಡ್) ಇದ್ದರೆ, ಮೊದಲು ‘ಟ್ರೈ’ ಹಾಕಿಸಬಹುದಾ ಅಂತ ಬರೆದವರನ್ನು ಕೇಳ್ತೀನಿ. ಬಹುತೇಕ ಒಪ್ಪುತ್ತಾರೆ. ಅವರಿಗೆ ಗೊತ್ತಿಲ್ಲ ಅಂತಲ್ಲ, ಅವರ ಕೈಗೆ ಅಭ್ಯಾಸವಾಗಿರುವುದನ್ನು ಬರೆಯಬೇಕು ಅಂತ ಹೊಳೆದಿರಲ್ಲ, ಅಷ್ಟೇ.

ಉದಾಹರಣೆಗೆ ಕೊಡುವ ಅಡ್ರೆಸ್‌ಗಳ ಮೇಲೂ ಒಂದು ಕಣ್ಣಿಡಬೇಕು. 1.1.1.1 ನೆನಪಿಡಲು ಸುಲಭ ಅಂತ ಎಷ್ಟೋ ಮಂದಿ ಅದನ್ನೇ ಸುಮ್ನೆ ಉದಾಹರಣೆಗೆ ಬರೆಯುತ್ತಿದ್ದರು. ಓದಿದವರು ಅದನ್ನೇ ಮಷೀನಿಗೂ ಹಾಕಿದರು. 2010ರಲ್ಲಿ 1ರಿಂದ ಶುರುವಾಗುವ ಅಡ್ರೆಸ್‌ಗಳು ಏಷ್ಯಾ-ಪೆಸಿಫಿಕ್ ಭಾಗದ ಅಡ್ರೆಸ್ ಹಂಚುವ ಸಂಸ್ಥೆ ಎಪಿನಿಕ್ ಕೈಗೆ ಬಂದಾಗ, ಅಲ್ಲಿಗೆ ಬೇಡದ ಟ್ರಾಫಿಕ್ ರಾಶಿ ರಾಶಿ ಬರುತ್ತಿದ್ದದ್ದು ಕಂಡಿತು. 2018ರ ಏಪ್ರಿಲ್ 1ರಂದು ಕ್ಲೌಡ್‌ಫ್ಲೇರ್ ಕಂಪನಿ 1.1.1.1ರಲ್ಲೇ ಡಿಎನ್‌ಎಸ್ ಸೇವೆ (ವೆಬ್‌ಸೈಟ್ ಹೆಸರಿಗೆ ಐಪಿ ಅಡ್ರೆಸ್ ಹುಡುಕಿಕೊಡುವುದು) ಶುರು ಮಾಡಿದಾಗ ಕೆಲವು ಕಡೆಯ ಜನರಿಗೆ ಅದು ಸಿಗಲೇ ಇಲ್ಲ. ಅವರ ಹತ್ತಿರದ ಯಾವುದೋ ಪೆಟ್ಟಿಗೆ 1.1.1.1 ನಾನೇ ಅಂತ ಕೂತಿತ್ತು. ಮ್ಯಾನ್ಯುಯಲ್‌ಗಳಿಗೆ ಅಂತಲೇ ಬೇರೆ ಅಡ್ರೆಸ್‌ಗಳನ್ನು ಎತ್ತಿಟ್ಟಿದ್ದಾರೆ. ಆರ್‌ಎಫ್‌ಸಿ 5737 ಅನ್ನುವ ಇಂಟರ್‌ನೆಟ್ ದಾಖಲೆಯ ಪ್ರಕಾರ 192.0.2.0/24, 198.51.100.0/24, 203.0.113.0/24 ಈ ಮೂರು. ಹೆಸರು ಬೇಕಾದರೆ ಎಕ್ಸಾಂಪಲ್ ಡಾಟ್ ಕಾಮ್ ಇದೆ. ಬೇರೆ ಯಾರದೋ ನಿಜವಾದ ಅಡ್ರೆಸ್ ಪುಟದಲ್ಲಿ ಕಂಡರೆ ನಾನು ಬಿಡಲ್ಲ.

“ಈಗ ಎಐ ಬಂದಿದೆಯಲ್ಲ?” ಅಂತಲೂ ಕೇಳ್ತಾರೆ. ನಾನೂ ಬಳಸ್ತೀನಿ, ವಾಕ್ಯ ಸರಿ ಮಾಡೋಕೆ ಒಳ್ಳೆಯದು. ಆದರೆ ಒಮ್ಮೊಮ್ಮೆ ಇಲ್ಲದ ಆಪ್ಶನ್ನನ್ನು ಇದೆ ಅಂತ ಧೈರ್ಯವಾಗಿ ಬರೆದುಕೊಡುತ್ತದೆ. ಕಮಾಂಡನ್ನು ಓಡಿಸಿ ನೋಡದೆ ಸರಿ ಅನ್ನುವ ಹಾಗಿಲ್ಲ. ನಾನು ಬರೆದರೂ ಅಷ್ಟೇ, ಅದು ಬರೆದರೂ ಅಷ್ಟೇ.

ಎಂಜಿನಿಯರಿಂಗ್ ಓದುತ್ತಿರುವ ಹುಡುಗರಿಗೆ, ಹುಡುಗಿಯರಿಗೆ ಈ ಕೆಲಸದ ರುಚಿ ನೋಡಬೇಕಿದ್ದರೆ ಯಾರ ಅಪ್ಪಣೆಯೂ ಬೇಕಿಲ್ಲ. ನೆಟ್‌ಪ್ಲಾನ್, ನೆಟ್‌ವರ್ಕ್‌ಮ್ಯಾನೇಜರ್ ಎರಡೂ ಓಪನ್ ಸೋರ್ಸ್, ಅವುಗಳ ಮ್ಯಾನ್ಯುಯಲ್ ಕೂಡ ಹಾಗೇ. ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಮಷೀನ್ ಹಾಕಿಕೊಳ್ಳಿ. ಒಂದೇ ಒಂದು ಪುಟ ತಗೊಳ್ಳಿ. ಅದರಲ್ಲಿ ಏನಿದೆಯೋ ಅಷ್ಟನ್ನೇ ಮಾಡಿ. ನಿಮಗೆ ಗೊತ್ತಿರುವುದನ್ನು ಕೈ ತಾನಾಗೇ ಸೇರಿಸೋಕೆ ಹೋಗುತ್ತೆ, ತಡೆಯಿರಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲಿ ತಿದ್ದೋಕೆ ಏನೋ ಇದೆ ಅಂತ ಅರ್ಥ. ಏನು ಹೊಡೆದಿರಿ, ಏನು ಬಂತು, ಏನಿದ್ದರೆ ಸರಿ ಅಂತ ನಾಲ್ಕು ಸಾಲು ಬರೆದು ಆ ಸಾಫ್ಟ್‌ವೇರ್ ಮಾಡುವವರಿಗೆ ಕಳಿಸಿ. ಯಾವ ವರ್ಶನ್‌ನಲ್ಲಿ ನೋಡಿದಿರಿ ಅಂತ ಖಂಡಿತ ಹಾಕಿ. ನೆಟ್‌ಪ್ಲಾನ್‌ನಲ್ಲಿ ‘ಗೇಟ್‌ವೇ4’ ಅನ್ನುವ ಸಾಲು ಹಿಂದೆ ಎಲ್ಲ ಪುಟಗಳಲ್ಲೂ ಇರುತ್ತಿತ್ತು, ಆಗ ಅದು ಸರಿಯೂ ಆಗಿತ್ತು. ಈಗ ಅದನ್ನು ಹಾಕಿದರೆ ‘ಇದು ಹಳೆಯದಾಯಿತು, ಡಿಫಾಲ್ಟ್ ರೂಟ್ ಬರೆಯಿರಿ’ ಅಂತ ವಾರ್ನಿಂಗ್ ಬರುತ್ತದೆ.