ಕುಮಾರಕೃಪಾ ರಸ್ತೆಗೆ ಬಂದ ಹಸೆಗೋಡೆ

ನಮ್ಮ ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ನೆನಪಾಗುವುದು ಗೋಡೆ. ಗೋಡೆಗೆ ಕೆಮ್ಮಣ್ಣು ಸಾರಿಸಬೇಕು. ಅದು ಒಣಗಿದ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯಬೇಕು. ಮದುಮಕ್ಕಳನ್ನು ಹಸೆಗೆ ಕೂರಿಸುವುದು ಅದರ ಮುಂದೆಯೇ, ಅದಕ್ಕೇ ಅದು ಹಸೆಗೋಡೆ. ಮದುವೆ ಮುಗಿದ ಮೇಲೂ ಚಿತ್ತಾರ ಅಲ್ಲೇ ಇರುತ್ತದೆ. ಮುಂದಿನ ಸಲ ಗೋಡೆ ಸಾರಿಸುವ ಹೊತ್ತಿಗೆ ಅದರ ಆಯುಸ್ಸು ಮುಗಿಯುತ್ತದೆ. ಅದನ್ನು ತೆಗೆದಿಡಬೇಕು, ಮಾರಬೇಕು ಅಂತ ನಮ್ಮ ಅಜ್ಜಿಯಂದಿರು ಯಾರೂ ಯೋಚಿಸಿರಲಿಲ್ಲ.

ಅದಕ್ಕೇ ಊರಿನಿಂದ ಅತ್ತೆ ಫೋನ್ ಮಾಡಿ, 'ಚಿತ್ರಸಂತೆಗೆ ನಂಗೂ ಜಾಗ ಸಿಕ್ಕಿದೆ, ನೀನು ಜೊತೆಗಿರಬೇಕು' ಅಂದಾಗ ಖುಷಿಯ ಜೊತೆ ಒಂದು ಅಳುಕೂ ಇತ್ತು. ಮದುವೆ ಮನೆಯ ಗೋಡೆ ಬೆಂಗಳೂರಿನ ರಸ್ತೆ ಬದಿಗೆ ಬಂದು ನಿಂತರೆ ಹೇಗೆ ಕಾಣುತ್ತದೋ ಏನೋ.

ಚಿತ್ರಸಂತೆ ಗೊತ್ತಿಲ್ಲದವರಿಗೆ ಎರಡು ಮಾತು. ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. 1960ರಲ್ಲಿ ಶುರುವಾದ ಸಂಸ್ಥೆ. ಅದನ್ನು ಕಟ್ಟಿ ಬೆಳೆಸಿದವರು ಎಂ. ಎಸ್. ನಂಜುಂಡರಾವ್. ಪ್ರತಿ ವರ್ಷ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಪರಿಷತ್ತು ಈ ಸಂತೆ ನಡೆಸುತ್ತದೆ. ಅವತ್ತು ಆ ರಸ್ತೆಗೆ ವಾಹನ ಬಿಡುವುದಿಲ್ಲ. ಶಿವಾನಂದ ವೃತ್ತದ ಕಡೆಯಿಂದ ವಿಂಡ್ಸರ್ ಮ್ಯಾನರ್ ಕಡೆಯವರೆಗೆ ಎರಡೂ ಬದಿಯಲ್ಲಿ ಚಿತ್ರಗಳೇ ಚಿತ್ರಗಳು. ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ, ನಮ್ಮ ರಾಜ್ಯದವರು ಮಾತ್ರ ಅಲ್ಲ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಇಡೀ ಸಂತೆ ಆನ್‌ಲೈನ್‌ನಲ್ಲೇ ನಡೆಯಿತು. 2022ರಲ್ಲಿ ಜನವರಿ ಹೋಗಿ ಮಾರ್ಚ್ ಆಯಿತು. ಆಮೇಲೆ ಮತ್ತೆ ಜನವರಿಯ ಚಳಿಗೇ ವಾಪಸ್ ಬಂತು.

ನಾನು ಎಷ್ಟೋ ಸಲ ಈ ಸಂತೆಗೆ ಹೋಗಿದ್ದೇನೆ. ಆದರೆ ನೋಡುವವಳಾಗಿ. ಮಳಿಗೆಯ ಆ ಕಡೆ ಕೂತು ಇಡೀ ದಿನ ಜನರ ಮುಖ ನೋಡಿದ್ದು ಇದೇ ಮೊದಲು.

ತಾಳಗುಪ್ಪದಿಂದ ಬರುವ ರಾತ್ರಿ ರೈಲು ಬೆಳಗಿನ ಜಾವಕ್ಕೇ ಬೆಂಗಳೂರು ಮುಟ್ಟುತ್ತದೆ. ಅತ್ತೆ ಇಳಿದಾಗ ಇನ್ನೂ ಕತ್ತಲು. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಹಲಗೆ, ಇನ್ನೊಂದರಲ್ಲಿ ಒಂದರೊಳಗೊಂದು ಸೇರಿಸಿ ಕಟ್ಟಿದ ಬುಟ್ಟಿಗಳು. ಬಣ್ಣದ ಡಬ್ಬಿಗಳನ್ನು ಮಾತ್ರ ಯಾರ ಕೈಗೂ ಕೊಡದೆ ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದರು. ಚಹಾ ಕುಡಿದು ನೇರ ಕುಮಾರಕೃಪಾ ರಸ್ತೆಗೆ ಹೋದೆವು. ಚಳಿಯಲ್ಲೇ ಜನ ಹಗ್ಗ ಕಟ್ಟುತ್ತಿದ್ದರು, ಫ್ರೇಮ್ ಒರೆಸುತ್ತಿದ್ದರು. ಪಕ್ಕದ ಮಳಿಗೆಯ ಹುಡುಗ ಹಂಪಿಯ ಜಲವರ್ಣ ಚಿತ್ರಗಳನ್ನು ಜೋಡಿಸುತ್ತಿದ್ದ. ನಮ್ಮ ಹಲಗೆ ನಿಲ್ಲಿಸಲು ಸುತ್ತಿಗೆ, ಮೊಳೆ ಎಲ್ಲ ಅವನೇ ಕೊಟ್ಟ.

ಹಲಗೆ ಬಿಚ್ಚಿದಾಗ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಬಟ್ಟೆಗೆ ಕೆಮ್ಮಣ್ಣು ಬಳಿದು ಹಲಗೆಗೆ ಬಿಗಿದಿದ್ದರು. ಅದರ ಮೇಲೆ ಪೂರ್ತಿ ಹಸೆಗೋಡೆ. ನಡುವೆ ದಂಡಿಗೆಯೊಳಗೆ, ಅಂದರೆ ಪಲ್ಲಕ್ಕಿಯೊಳಗೆ, ಮದುಮಕ್ಕಳು, ತ್ರಿಕೋನಗಳಲ್ಲೇ ಮೂಡಿದ ಮೈ. ಸುತ್ತ ಒಂದರ ಹಿಂದೆ ಒಂದು ಅಂಚು. ಗೆರೆಗಳು ಎಷ್ಟು ಹತ್ತಿರ ಇದ್ದವು ಅಂದರೆ ದೂರದಿಂದ ಚಾಪೆ ನೇಯ್ದ ಹಾಗೆ ಕಾಣುತ್ತಿತ್ತು.

ಬುಟ್ಟಿಗಳು ಭೂಮಣ್ಣಿ ಬುಟ್ಟಿಗಳು. ಭೂಮಿ ಹುಣ್ಣಿಮೆಗೆ ಪೈರು ಹೊತ್ತ ಭೂಮಿತಾಯಿಯನ್ನು ಬಸುರಿ ಅಂತ ಭಾವಿಸಿ ಬಯಕೆಯ ಊಟ ಬಡಿಸುತ್ತೇವೆ ಅಲ್ವಾ, ಆ ಅಡುಗೆ ಗದ್ದೆಗೆ ಹೋಗುವುದು ಚಿತ್ತಾರ ಬರೆದ ಈ ಬುಟ್ಟಿಯಲ್ಲೇ. ಬೆರಕೆ ಸೊಪ್ಪಿನ ಹಚ್ಚಂಬಲಿ, ಕಡುಬು ಎಲ್ಲ ಅದರಲ್ಲೇ.

ಹತ್ತು ಗಂಟೆಗೆಲ್ಲ ರಸ್ತೆ ತುಂಬಿತು. ಮೊದಮೊದಲು ಜನ ನಮ್ಮ ಮಳಿಗೆ ನೋಡಿ 'ವರ್ಲಿ, ವರ್ಲಿ' ಅನ್ನುತ್ತಾ ಮುಂದೆ ಹೋದರು. ನನಗೆ ಕಸಿವಿಸಿ. ವರ್ಲಿ ಮಹಾರಾಷ್ಟ್ರದ್ದು, ಇದು ನಮ್ಮ ಮಲೆನಾಡಿನದ್ದು ಅಂತ ಎಷ್ಟು ಜನರಿಗೆ ಕೂಗಿ ಹೇಳುವುದು? ಅತ್ತೆ ಏನೂ ಹೇಳಲಿಲ್ಲ. ಚಾಪೆ ಹಾಸಿ ನೆಲದಲ್ಲೇ ಕೂತರು. ತೆಂಗಿನ ಚಿಪ್ಪಿಗೆ ಬಿಳಿ ಸುರಿದುಕೊಂಡು, ಕೆಮ್ಮಣ್ಣು ಬಳಿದ ಒಂದು ಹಾಳೆ ತೆಗೆದು ಬರೆಯಲು ಶುರು ಮಾಡಿದರು.

ಅಲ್ಲಿಂದ ನಮ್ಮ ಮಳಿಗೆಯ ಕಥೆಯೇ ಬದಲಾಯಿತು.

ಕುಂಚ ಅಂದರೆ ಪುಂಡಿ ಗಿಡದ ನಾರು. ನಾಲ್ಕು ಎಳೆ ಸೇರಿಸಿ ಕಟ್ಟಿದ್ದು, ಅಷ್ಟೇ. ಅದನ್ನು ಬಿಳಿಯಲ್ಲಿ ಅದ್ದಿ, ಚಿಪ್ಪಿನ ಅಂಚಿಗೆ ಒಂದು ಸಲ ಒತ್ತಿ, ಜಾಸ್ತಿ ಇರುವ ನೀರು ಇಳಿಸುತ್ತಾರೆ. ಆಮೇಲೆ ನಾರಿನ ತುದಿಯನ್ನು ಹಾಳೆ ಮೇಲೆ ಇಡುವುದಲ್ಲ, ಮಲಗಿಸುವುದು. ಮಲಗಿಸಿ ತಮ್ಮ ಕಡೆಗೆ ನಿಧಾನವಾಗಿ ಎಳೆಯುತ್ತಾರೆ. ಆ ಎಳೆತದಲ್ಲಿ ಮಣಿಕಟ್ಟು ಅಲ್ಲಾಡುವುದೇ ಇಲ್ಲ, ಇಡೀ ತೋಳು ಹಿಂದೆ ಸರಿಯುತ್ತದೆ. ಗೆರೆ ಎಳೆದಾಗ ಅಷ್ಟೇನೂ ಕಾಣದು, ಬರೀ ಒದ್ದೆ. ನೋಡನೋಡುತ್ತಾ ನೀರು ಆರಿ ಬೆಳ್ಳಗೆ ಮೇಲೆದ್ದು ಬರುತ್ತದೆ. ಆಗ ಗೊತ್ತಾಗುತ್ತದೆ ಅದು ಎಷ್ಟು ನೆಟ್ಟಗಿದೆ ಅಂತ.

ಕಾಲೇಜು ಹುಡುಗರ ಗುಂಪೊಂದು ಪೂರ್ತಿ ನಿಂತುಬಿಟ್ಟಿತು. 'ಆಂಟಿ, ಸ್ಕೇಲ್ ಇಲ್ದೆ ಹೇಗೆ?' ಅಂತ ಒಬ್ಬ ಕೇಳಿದ. 'ಉಸಿರು ಹಿಡಿಬೇಕು ಮಗ' ಅಂದರು ಅತ್ತೆ, ತಲೆ ಎತ್ತದೆ.

ಬಣ್ಣದ ಬಗ್ಗೆ ಎಲ್ಲರೂ ಕೇಳಿದರು. ಹೇಳುವ ಕೆಲಸ ನನ್ನದಾಯಿತು. ಬಿಳಿಗೆ ಅಕ್ಕಿ ನೆನೆಸಿ ಅರೆಯುವುದು. ಕಪ್ಪಿಗೂ ಅಕ್ಕಿಯೇ. ಅದನ್ನು ಕರ್ರಗೆ ಸೀಯುವವರೆಗೆ ಹುರಿದು, ನೆನೆಸಿ, ಅರೆಯುವುದು. ಹಳದಿಗೆ ಗುರಿಗೆ ಕಾಯಿಯ ಬೀಜ. ಕೆಂಪು ಅಂತೂ ಮನೆ ಹಿಂದಿನ ಧರೆಯಲ್ಲೇ ಇದೆ. ಒಬ್ಬ ಅಮ್ಮ ಕಪ್ಪಿನ ಡಬ್ಬಿ ಮೂಸಿ ನೋಡಿ, 'ಹೌದಲ್ರೀ, ಹುರಿದಕ್ಕಿ ವಾಸನೆ' ಅಂದು ಮಗಳಿಗೂ ಮೂಸಿಸಿದರು. ಆ ಮಗಳು ಚಪ್ಪಲಿ ಬಿಟ್ಟು ಚಾಪೆ ಮೇಲೆ ಅತ್ತೆಯ ಪಕ್ಕ ಕೂತವಳು, ಏಳಲೇ ಇಲ್ಲ. ಕೊನೆಗೆ ಅತ್ತೆ ಅವಳ ಕೈಗೆ ನಾರು ಕೊಟ್ಟು, ತಮ್ಮ ಕೈ ಮೇಲಿಟ್ಟು ಒಂದು ಗೆರೆ ಎಳೆಸಿದರು. ಅಂಕುಡೊಂಕಾಯಿತು. ಅದನ್ನು ಒರೆಸಲು ಬಿಡಲಿಲ್ಲ. ಹಾಗೇ ಇಟ್ಟುಕೊಂಡು ಅದರ ಪಕ್ಕ ತಮ್ಮ ಗೆರೆ ಎಳೆಯುತ್ತಾ ಹೋದರು.

ಗ್ಯಾಲರಿಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಗಾಜಿನ ಬಾಗಿಲು ನೋಡಿದರೆ ನಮ್ಮ ಕಡೆಯ ಎಷ್ಟೋ ಜನ ಒಳಗೆ ಕಾಲಿಡುವುದಿಲ್ಲ. ಒಳಗೆ ಹೋದರೂ ಪ್ರಶ್ನೆ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಕಡಲೆಕಾಯಿ ತಿನ್ನುತ್ತಾ ಬಂದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಬಂದೋಬಸ್ತಿಗೆ ಬಂದ ಪೊಲೀಸಮ್ಮ, ಎಲ್ಲರೂ ನಿಂತರು, ಎಲ್ಲರೂ ಕೇಳಿದರು. ಕೊಳ್ಳದೆ ಹೋದವರೇ ಜಾಸ್ತಿ. ಅದರ ಬಗ್ಗೆ ನನಗಾಗಲಿ ಅತ್ತೆಗಾಗಲಿ ಬೇಸರ ಇರಲಿಲ್ಲ. ಮದುವೆ ಮನೆಯಲ್ಲೂ ಚಿತ್ತಾರವನ್ನು ಎಲ್ಲರೂ ಸುಮ್ನೆ ನೋಡುವುದೇ ಅಲ್ವಾ?

ಬೇಸರ ಆಗಿದ್ದು ಒಂದೇ ಕಡೆ. ಅಲಂಕಾರದ ಸಾಮಾನು ಮಾರುವ ಒಬ್ಬರು ಬಂದು ಬುಟ್ಟಿಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆ ಅಂದರು. ಬೆಲೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದರು. 'ಹಿಟ್ಟು, ಮಣ್ಣು ತಾನೇ, ಖರ್ಚು ಏನಿದೆ' ಅಂದರು. ನನಗೆ ಸಿಟ್ಟು ಬಂತು. ಅತ್ತೆ ನಾರು ಕೆಳಗಿಟ್ಟು, 'ಕೈ ಇದೆಯಲ್ಲ ಸ್ವಾಮಿ' ಅಂದರು. ಅಷ್ಟೇ ಹೇಳಿದ್ದು. ಅವರು ಹೋದರು.

ಮಧ್ಯಾಹ್ನ ಹಂಪಿ ಚಿತ್ರದ ಹುಡುಗನಿಗೆ ಮಳಿಗೆ ನೋಡಿಕೊಳ್ಳಲು ಹೇಳಿ ಅತ್ತೆಯನ್ನು ಒಂದು ಸುತ್ತು ಕರೆದುಕೊಂಡು ಹೋದೆ. ಅವರು ಹೆಚ್ಚು ಹೊತ್ತು ನಿಂತಿದ್ದು ಮೈಸೂರು ಶೈಲಿಯ ಚಿತ್ರ ಬರೆಯುವವರ ಮುಂದೆ. ಬಿಳಿ ಪುಡಿಗೆ ಅಂಟು ಕಲಸಿ, ಒಡವೆ, ಸೆರಗಿನ ಅಂಚು ಬರುವ ಕಡೆ ಸಣ್ಣಗೆ ಉಬ್ಬು ಮಾಡಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನದ್ದಾದರೆ ಉಬ್ಬು ದಪ್ಪ, ಕಲ್ಲುಗಳೂ ಇರುತ್ತವೆ. ಮೈಸೂರಿನದ್ದು ಬೆರಳಾಡಿಸಿದರೆ ಗೊತ್ತಾಗುವಷ್ಟೇ ತೆಳುವು. ಆ ಕಲಾವಿದರೂ ಅತ್ತೆಯೂ ಅಂಟಿನ ಬಗ್ಗೆ ಮಾತಾಡಿಕೊಂಡರು, ಒಂದೇ ಊರಿನವರ ಹಾಗೆ. ಪರಿಷತ್ತಿನ ಒಳಗೆ ತೊಗಲುಗೊಂಬೆಗಳೂ ಇವೆ, ನಂಜುಂಡರಾವ್ ಅವರು ಆ ಕಲೆಗಾಗಿ ತುಂಬಾ ದುಡಿದವರು ಅಂತ ಹೇಳಿದೆ. ನೋಡುವ ಆಸೆ ಇತ್ತು. ಜನಸಂದಣಿಯಲ್ಲಿ ಆಗಲಿಲ್ಲ.

ನನಗೆ ಅವತ್ತು ಎಲ್ಲಕ್ಕಿಂತ ದೊಡ್ಡದು ಅನಿಸಿದ ಸಂಗತಿ ಆಮೇಲೆ ನಡೆಯಿತು. ವಯಸ್ಸಾದ ದಂಪತಿ ಬಂದು ಆ ದೊಡ್ಡ ಹಸೆಗೋಡೆಯನ್ನು ಬಹಳ ಹೊತ್ತು ನೋಡಿ, ಕೊಳ್ಳುತ್ತೇವೆ ಅಂದರು. ಹೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ಆದರೆ ಆ ಯಜಮಾನರು, 'ಸಹಿ ಎಲ್ಲಿದೆ?' ಅಂತ ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಎಲ್ಲ ಕಲಾವಿದರೂ ಚಿತ್ರದ ಮೂಲೆಯಲ್ಲಿ ಹೆಸರು ಬರೆಯುತ್ತಾರೆ, ನೀವೂ ಬರೆಯಿರಿ ಅಂದೆ.

'ಇದು ನಾನೊಬ್ಬಳೇ ಬರೆದದ್ದಲ್ವಲ್ಲೇ' ಅಂದರು.

ನಿಜ. ಊರಲ್ಲಿ ಯಾರೂ ಒಬ್ಬರೇ ಕೂತು ಹಸೆಗೋಡೆ ಬರೆಯುವುದಿಲ್ಲ. ಒಬ್ಬರು ಹೊರಗಿನ ಅಂಚು ಹಿಡಿಯುತ್ತಾರೆ, ಇನ್ನೊಬ್ಬರು ಒಳಗೆ ತುಂಬುತ್ತಾರೆ, ಹೆಣ್ಣುಮಕ್ಕಳು ಬಣ್ಣ ಅರೆಯುತ್ತಾರೆ. ಈ ಹಲಗೆಯ ಮೇಲೂ ಅತ್ತೆಯ ಓರಗಿತ್ತಿಯ ಕೈ ಇತ್ತು, ಪಕ್ಕದ ಮನೆಯ ಇಬ್ಬರು ಹುಡುಗಿಯರ ಕೈ ಇತ್ತು. ಒಂದು ಹೆಸರು ಹಾಕಿದರೆ ಉಳಿದವರದ್ದು ಏನಾಯಿತು? ಅದನ್ನು ನಾನು ಆ ದಂಪತಿಗೆ ವಿವರಿಸಿದೆ. ಅವರು ಅವಸರ ಮಾಡಲಿಲ್ಲ. ಆ ಅಮ್ಮನೇ, 'ಹಾಗಾದ್ರೆ ಎಲ್ಲರ ಹೆಸರೂ ಬರೀರಿ, ಹಿಂದೆ ಬೇಕಾದಷ್ಟು ಜಾಗ ಇದೆ' ಅಂದರು. ಅತ್ತೆ ಹಲಗೆ ತಿರುಗಿಸಿ, ನನ್ನ ಪೆನ್ನು ತೆಗೆದುಕೊಂಡು, ಒಬ್ಬೊಬ್ಬರದ್ದೇ ಬರೆದರು. ಮೊದಲು ಓರಗಿತ್ತಿ, ಆಮೇಲೆ ಹುಡುಗಿಯರು, ತಮ್ಮದು ಕೊನೆಗೆ. ಅದರ ಕೆಳಗೆ ಊರಿನ ಹೆಸರು. ಯಜಮಾನರು ಅದರ ಫೋಟೋ ತೆಗೆದುಕೊಂಡರು.

ಜನಪದ ಕಲೆಗೆ ಹೆಸರಿಲ್ಲ, ಅದು ಎಲ್ಲರದ್ದು ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಬರೆದವರಿಗೆ ಹೆಸರು ಇದ್ದೇ ಇದೆ. ಕೇಳಿದವರು ಕಡಿಮೆ. ಅವತ್ತು ಕೇಳಿದ ಆ ಇಬ್ಬರಿಗೆ ನಾನು ಯಾವಾಗಲೂ ಋಣಿ.

ಸಂಜೆ ಮಳಿಗೆ ಬಿಚ್ಚುವಾಗ ಎರಡು ಬುಟ್ಟಿ, ಒಂದಷ್ಟು ಹಾಳೆ ಉಳಿದಿದ್ದವು. ಅದರಲ್ಲಿ ಒಂದು ಬುಟ್ಟಿಯನ್ನು ಅತ್ತೆ ಹಂಪಿ ಚಿತ್ರದ ಹುಡುಗನಿಗೆ ಕೊಟ್ಟರು. ಅವನು ಪ್ರತಿಯಾಗಿ ತುಂಗಭದ್ರೆಯ ತೆಪ್ಪದ ಚಿಕ್ಕ ಚಿತ್ರ ಕೊಟ್ಟ.

ರಾತ್ರಿ ರೈಲು ಬರುವ ಮುಂಚೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಲೆಕ್ಕ ಮಾಡಿದೆವು. ಸ್ವಲ್ಪ ಹಣ ನೋಟಿನಲ್ಲಿ, ಜಾಸ್ತಿ ಪಾಲು ಫೋನಿನಲ್ಲಿ ಬಂದಿತ್ತು. ಅತ್ತೆಗೆ ಒಟ್ಟು ಎಷ್ಟು ಅನ್ನುವುದಕ್ಕಿಂತ ಯಾರಿಗೆ ಎಷ್ಟು ಅನ್ನುವುದೇ ಮುಖ್ಯ. ಬುಟ್ಟಿ ಹೆಣೆದ ಮೇದಾರರಿಗೆ ಮೊದಲೇ ಕೊಟ್ಟಿದ್ದು ಸಾಲದು, ಇನ್ನೂ ಸ್ವಲ್ಪ ಕೊಡಬೇಕು. ಓರಗಿತ್ತಿಗೆ ಸಮಪಾಲು. ಇಬ್ಬರು ಹುಡುಗಿಯರಿಗೆ ಬೇರೆ ಬೇರೆಯಾಗಿ, ಅವರವರ ಕೈಗೇ. ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಎಲ್ಲ ಬರೆದುಕೊಟ್ಟೆ.

'ಬರೋ ವರ್ಷ ಅರ್ಜಿ ಹಾಕೋವಾಗ ಆ ಹುಡುಗಿಯರ ಹೆಸರಲ್ಲೂ ಹಾಕು' ಅಂದರು ಅತ್ತೆ. ಅರ್ಜಿಗೆ ಅವರು ಬರೆದ ಚಿತ್ರಗಳ ಫೋಟೋ ಬೇಕಾಗುತ್ತದೆ. ಮುಂದಿನ ತಿಂಗಳು ಊರಲ್ಲಿ ಮದುವೆ ಇದೆ. ಗೋಡೆ ಸಾರಿಸುವ ದಿನವೇ ಬಂದುಬಿಡು, ಬರೆಯುವಾಗಲೇ ತೆಗೆದುಕೊಳ್ಳಬಹುದು ಅಂದರು. ರಜೆಗೆ ಹೇಳಿಟ್ಟಿದ್ದೇನೆ.